ಮಳೆಗಾಲದಲ್ಲಿ ನೋಡಿದ ಬಾವಿ

ಬೇರೆಯವರು ಅಂಗಿಯ ಜೇಬಿಗೆ ಪೆನ್ನು ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಅವರು ನೀರಿನ ಉಪ್ಪಿನಂಶ ಅಳೆಯುವ ಹಳದಿ ಬಣ್ಣದ ಒಂದು ಸಣ್ಣ ಮೀಟರ್ ಸಿಕ್ಕಿಸಿಕೊಳ್ಳುತ್ತಿದ್ದರು. ಅದನ್ನು ಹೊರತೆಗೆಯುತ್ತಿದ್ದುದು ಮಾತ್ರ ಕಡಿಮೆ. ಲೋಟ ಕೈಗೆ ಕೊಟ್ಟರೆ ಮೊದಲು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ನುಂಗದೆ, ಎಡಗಣ್ಣು ಮುಚ್ಚಿ, ನಾಲಿಗೆಯ ತುದಿಯಲ್ಲಿ ಆಚೀಚೆ ಆಡಿಸುತ್ತಿದ್ದರು. ಗಂಟಲ ಗಂಟು ಒಮ್ಮೆ ಏರಿ ಇಳಿದ ಮೇಲೆ "ನೂರಾ ಇಪ್ಪತ್ತು" ಅನ್ನುತ್ತಿದ್ದರು. ಆಮೇಲೆ ಮೀಟರ್ ಅದ್ದಿ ನೋಡಿದರೆ ನೂರಾ ಹದಿನೆಂಟೋ ನೂರಾ ಇಪ್ಪತ್ತಮೂರೋ ಇರುತ್ತಿತ್ತು. "ಮೀಟರಿಗೆ ವಯಸ್ಸಾಯ್ತು" ಎಂದು ಅದನ್ನೇ ಬೈಯುತ್ತಿದ್ದರು.

ಮಸ್ಕತ್ತಿನ ಅಲ್ ಗುಬ್ರಾದಲ್ಲಿ ನಮ್ಮದು ಮೂರನೆಯ ಮಹಡಿ, ಅವರದು ಅದೇ ಕಟ್ಟಡದ ನೆಲಮಹಡಿಯ ಒಂದೇ ಕೋಣೆ. ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಕೆಲಸ. ಹೆಂಡತಿ ಊರಿನಲ್ಲಿ, ಉಡುಪಿಯ ಕಡೆ ಕಡಲಿಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಕಟ್ಟಡದ ಮಕ್ಕಳಿಗೆ ಅವರು ವಾಟರ್ ಅಂಕಲ್, ನನಗೂ ನನ್ನ ಗಂಡನಿಗೂ ನೀರಣ್ಣ. ಶುಕ್ರವಾರದ ಊಟ ನಮ್ಮಲ್ಲಿ. ನಾವು ಮೈಸೂರಿನವರು, ನನ್ನ ಹುಳಿಯನ್ನು ಒಂದು ದಿನವೂ ಅವರು ಸುಮ್ಮನೆ ಉಂಡವರಲ್ಲ. "ಟೀಚರೇ, ತೆಂಗಿನಕಾಯಿ ಹಾಕ್ಲಿಕ್ಕೆ ಇವತ್ತೂ ಮರ್ತದ್ದಾ?" ಎಂದು ಕೇಳಿಯೇ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು.

ಒಮ್ಮೆ ಹಾಗೆ ಊಟಕ್ಕೆ ಕೂತವರು ನೀರು ಕುಡಿದು ಲೋಟ ಕೆಳಗಿಟ್ಟರು. "ಮೇಲಿನ ಟ್ಯಾಂಕಿಯ ಮುಚ್ಚಳ ಹಾರಿದೆ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಜೂನ್ ತಿಂಗಳ ಮಧ್ಯಾಹ್ನ, ತಾರಸಿಯ ಮೇಲೆ ಬರಿಗಾಲಿಟ್ಟರೆ ಬೊಬ್ಬೆ ಏಳುವ ಬಿಸಿಲು. ಎಂಜಲು ಕೈ ತೊಳೆದು ಮೇಲೆ ಹೋದರು. ಮುಚ್ಚಳ ಹಾರಿತ್ತು, ಒಳಗೆ ಒಂದು ಪಾರಿವಾಳ ಸತ್ತು ಬಿದ್ದಿತ್ತು. ಆ ದಿನ ಎಲ್ಲ ಮನೆಗಳ ಬಾಗಿಲು ತಟ್ಟಿ ನಲ್ಲಿ ಮುಚ್ಚಿಸಿ, ಟ್ಯಾಂಕಿ ತೊಳೆಸಿ, ಸಿಹಿನೀರಿನ ಲಾರಿ ತರಿಸಿದ ಮೇಲೆಯೇ ಅವರು ಬಂದು ಮಜ್ಜಿಗೆ ಅನ್ನ ಉಂಡದ್ದು. "ನೀರು ಸುಳ್ಳು ಹೇಳುದಿಲ್ಲ ಟೀಚರೇ, ಅದನ್ನು ತೋರಿಸುವವರು ಹೇಳ್ತಾರೆ" ಎಂಬುದು ಅವರ ಮಾತು. ದಿನಕ್ಕೆರಡು ಸಲ ಹೇಳುತ್ತಿದ್ದರು, ನಾನು ದಿನಕ್ಕೆರಡು ಸಲ ಕೇಳಿಸಿಕೊಂಡು ಮರೆಯುತ್ತಿದ್ದೆ.

ಇನ್ನು ನನ್ನ ವಿಷಯ. ಅಲ್ಲಿನ ಭಾರತೀಯ ಶಾಲೆಯೊಂದರಲ್ಲಿ ನಾನು ಫ್ರೆಂಚ್ ಟೀಚರು. ಹತ್ತೊಂಬತ್ತು ವರ್ಷ ಮಕ್ಕಳಿಂದ 'ಹಳ್ಳಿಯಲ್ಲಿ ನನ್ನ ರಜೆ' ಎಂಬ ಪ್ರಬಂಧ ಬರೆಸಿ ಕೆಂಪು ಪೆನ್ನಿನಲ್ಲಿ ತಿದ್ದಿದವಳು. ಫ್ರಾನ್ಸಿನ ಹಳ್ಳಿಯನ್ನು ಕಣ್ಣಾರೆ ಕಂಡವಳಲ್ಲ. ಅಷ್ಟರಲ್ಲಿ ನನ್ನ ಗಂಡನ ಕೆಲಸಕ್ಕೆ ಒಮಾನಿ ಹುಡುಗನೊಬ್ಬನನ್ನು ತಯಾರು ಮಾಡಲು ಕಂಪನಿ ಹೇಳಿತು. ತಪ್ಪೇನಲ್ಲ, ಅವರ ದೇಶ. ಆದರೆ ಎರಡೆರಡು ವರ್ಷದ ವೀಸಾದ ಮೇಲೆ ನಿಂತಿದ್ದ ನಮ್ಮ ಸಂಸಾರಕ್ಕೆ ಆಗ ನೆಲ ಬೇಕಾಯಿತು. ಮಕ್ಕಳಿಲ್ಲದ ನಾವು ಯಾವ ಊರಿನಲ್ಲಾದರೂ ಇರಬಹುದಿತ್ತು. ಇಷ್ಟು ವರ್ಷ ಕಲಿಸಿದ ಭಾಷೆಯಲ್ಲಿ ಒಮ್ಮೆ ಬದುಕಬೇಕು, ಬಂದವರಿಗೆ ಬಾಗಿಲು ತೆರೆದು ಅದೇ ಭಾಷೆಯಲ್ಲಿ ಸ್ವಾಗತ ಹೇಳಬೇಕು ಎಂಬ ಹುಚ್ಚು ನನಗೆ. ಫ್ರಾನ್ಸಿನ ನಡುಭಾಗದ ಹಳ್ಳಿಯೊಂದರಲ್ಲಿ ಒಂದು ಹಳೆಯ ಕಲ್ಲಿನ ಮನೆ, ಅದರ ಅಂಗಳದಾಚೆ ರಜೆಗೆ ಬರುವವರಿಗೆ ವಾರದ ಬಾಡಿಗೆಗೆ ಕೊಡುವ ಮೂರು ಕಾಟೇಜು, ಎಲ್ಲ ಒಟ್ಟಿಗೆ ಮಾರಾಟಕ್ಕಿತ್ತು. ಮಾರ್ಚಿನ ಕೊನೆಯಲ್ಲಿ, ಪರೀಕ್ಷೆ ಮುಗಿದು ಹೊಸ ತರಗತಿ ಶುರುವಾಗುವ ನಡುವಿನ ಒಂದು ವಾರದಲ್ಲಿ ಗಂಡ ಹೆಂಡತಿ ಹೋಗಿ ನೋಡಿ ಬಂದೆವು. ಕಾಟೇಜುಗಳ ಹಿಂದೆ ಪಾಚಿ ಹಿಡಿದ ಕಲ್ಲುಬಾನಿ, ಅದರ ತುಂಬ ತುಳುಕುವ ಒರತೆಯ ನೀರು. ನಾನು ಬೇರೇನೂ ನೋಡಲಿಲ್ಲ.

ಮೇ ತಿಂಗಳಲ್ಲಿ ಮಾರಾಟದ ಮುಂಗಡ ಒಪ್ಪಂದ ಬಂತು. ದುಭಾಷಿ ಬೇಕೇ ಎಂದು ಅಲ್ಲಿನ ನೋಟರಿ ಕೇಳಿದ್ದರು. ಫ್ರೆಂಚ್ ಟೀಚರಿಗೆ ದುಭಾಷಿಯೇ! ಐವತ್ತು ಪುಟ ನಾನೇ ಓದಿದೆ. ಕಾಟೇಜುಗಳಿಗೆ ಒರತೆಯ ನೀರು ಎಂದು ಒಂದು ಕಡೆ ಬರೆದಿತ್ತು, ಓದಿ ಖುಷಿಪಟ್ಟೆ. ಕಂಪ್ಯೂಟರಿನಲ್ಲೇ ಸಹಿ ಹಾಕಿದೆವು. ಸಹಿಯಾದ ಪ್ರತಿ ಒಂದು ಸೋಮವಾರ ಕೈಸೇರಿತು. ಅಲ್ಲಿಂದ ಹತ್ತು ದಿನದೊಳಗೆ ಕಾರಣ ಹೇಳದೆ ಹಿಂದೆ ಸರಿಯಬಹುದು, ಆಮೇಲೆ ಸರಿದರೆ ಮುಂಗಡ ಹೋಗುತ್ತದೆ. ಮುಂಗಡ ಎಂದರೆ ಬೆಲೆಯ ಹತ್ತನೆಯ ಒಂದು ಭಾಗ, ನನ್ನ ಗಂಡನ ಒಂದು ವರ್ಷದ ದುಡಿಮೆ. ಲೆಕ್ಕದಂತೆ ಮುಂದಿನ ವಾರದ ಗುರುವಾರ ಕೊನೆಯ ದಿನ. ಆ ದಿನಗಳ ಬಗ್ಗೆ ನಾನು ತಲೆಯನ್ನೇ ಕೆಡಿಸಿಕೊಂಡಿರಲಿಲ್ಲ.

ನಾಲ್ಕನೆಯ ದಿನ ಶುಕ್ರವಾರ. ಊಟಕ್ಕೆ ಬಂದ ನೀರಣ್ಣನಿಗೆ ಸಂಭ್ರಮದಿಂದ ಮಾರ್ಚಿನ ವೀಡಿಯೊ ತೋರಿಸಿದೆ. ಕಲ್ಲುಬಾನಿ ಬಂದ ಕೂಡಲೇ ಅವರು ನನ್ನ ಫೋನಿನ ಮೇಲೆ ಬೆರಳಿಟ್ಟು ನಿಲ್ಲಿಸಿದರು.

"ಈ ಕಪ್ಪು ಪೈಪು ಎಲ್ಲಿಂದ ಬರುದು?"

"ಒರತೆಯಿಂದ."

"ಒರತೆ ಯಾರ ಜಾಗದಲ್ಲುಂಟು? ಪೈಪು ಬೇಲಿಯ ಆಚೆಯಿಂದ ಬರ್ತಾ ಉಂಟಲ್ಲ."

ನಾನು ಗಮನಿಸಿಯೇ ಇರಲಿಲ್ಲ. ಊರಿನ ನಲ್ಲಿನೀರಿನ ಮೀಟರ್ ದೊಡ್ಡ ಮನೆಯ ಗೋಡೆಯಲ್ಲಿ ಮಾತ್ರ ಕಂಡಿತು. ವೀಡಿಯೊವನ್ನು ಅವರು ನಾಲ್ಕು ಸಲ ಹಿಂದೆ ಮುಂದೆ ಓಡಿಸಿದರು. ಕೈಯಲ್ಲಿ ಅನ್ನ ಒಣಗುತ್ತಿತ್ತು.

"ಮೂರೂ ಮನೆಯ ನಲ್ಲಿ ಒಟ್ಟಿಗೆ ಬಿಟ್ಟು ನೋಡಿದ್ರಾ?"

"ಇಲ್ಲ."

"ನೆರೆಮನೆಗೆ ಹೋಗಿ ಒಂದು ಲೋಟ ನೀರು ಕೇಳಿದ್ರಾ?"

"ಯಾಕೆ ಕೇಳ್ಬೇಕು?"

"ನಮ್ಮಲ್ಲಿ ಜಾಗ ನೋಡ್ಲಿಕ್ಕೆ ಹೋದವ ಮೊದಲು ನೆರೆಮನೆಯಲ್ಲಿ ನೀರು ಕೇಳುದು. ಬೆಲ್ಲ ಇಟ್ಟು ಕೊಡ್ತಾರೆ. ಕೊಡುವಾಗ ಬಾವಿಯ ಕತೆ, ದಾರಿಯ ತಕರಾರು ಎಲ್ಲ ಹೊರಗೆ ಬರ್ತದೆ. ಅಲ್ಲಿ ಜನ ಬರುದು ಯಾವ ತಿಂಗಳಲ್ಲಿ?"

"ಜುಲೈ, ಆಗಸ್ಟು. ಅವರಿಗೆ ಬೇಸಿಗೆ ರಜ."

"ನೀವು ನೋಡಿದ್ದು?"

"ಮಾರ್ಚು. ನಿಮ್ಮ ಹತ್ರ ವರದಿ ಒಪ್ಪಿಸ್ಬೇಕಾ ಈಗ?" ನನ್ನ ದನಿ ಏರಿತು. ಗಂಡ ನನ್ನನ್ನೇ ನೋಡಿದರು. ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. "ಇಪ್ಪತ್ತೆಂಟು ವರ್ಷ ಒಂದು ಕೋಣೇಲಿ ಇದ್ದೋರಿಗೆ ಬೇರೆಯೋರು ಎಲ್ಲಾದ್ರೂ ಹೋಗಿ ನೆಲೆ ಊರ್ತಾರೆ ಅಂದ್ರೆ ಹೊಟ್ಟೆಕಿಚ್ಚು ಆಗೋದು ಸಹಜ ನೀರಣ್ಣ."

ಅವರು ಎದ್ದು ಕೈ ತೊಳೆದರು. ತಾಟನ್ನು ತಾವೇ ಒಯ್ದು ಸಿಂಕಿನಲ್ಲಿಟ್ಟರು. ಮಜ್ಜಿಗೆ ಕುಡಿಯದೆ ಹೋದ ಶುಕ್ರವಾರ ಅದೊಂದೇ.

ಮಾತು ಆಡಿದರೆ ಹೋಯಿತು. ಆ ಮಧ್ಯಾಹ್ನವೇ ಹಟಕ್ಕೆ ಬಿದ್ದು ಮನೆ ಮಾರುವ ಹೆಂಗಸಿಗೆ ಬರೆದು ಕೇಳಿದೆ. ಸಂಜೆಯೊಳಗೆ ಉತ್ತರ ಬಂತು: ಒರತೆ ನೆರೆಯವರದು, ನೀರು ನಲವತ್ತು ವರ್ಷಗಳಿಂದ ಬರುತ್ತಿದೆ, ಬಾಯಿಮಾತಿನ ಒಪ್ಪಂದ, ಯಾರೂ ಎಂದೂ ತಕರಾರು ಮಾಡಿಲ್ಲ. ಬೇಸಿಗೆಯಲ್ಲಿ ಎಷ್ಟು ಬರುತ್ತದೆ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಬದಲಿಗೆ, ಇಂಗ್ಲೆಂಡಿನ ದಂಪತಿ ಕಾಯುತ್ತಿದ್ದಾರೆ, ನೀವು ಮನಸ್ಸು ಬದಲಿಸುವುದಿದ್ದರೆ ಬೇಗ ಹೇಳಿ ಎಂದಿತ್ತು. ಗೆದ್ದೆನೋ ಸೋತೆನೋ ತಿಳಿಯದೆ ಅದನ್ನು ಐದು ಸಲ ಓದಿದೆ. ಮಕ್ಕಳು ಗೊತ್ತಿಲ್ಲದ ಪ್ರಶ್ನೆ ಬಿಟ್ಟು ಮುಂದಿನದಕ್ಕೆ ಹೋಗುವುದನ್ನು ಹತ್ತೊಂಬತ್ತು ವರ್ಷ ಕಂಡವಳಿಗೆ ಇದೂ ಅದೇ ಎಂದು ಅನ್ನಿಸತೊಡಗಿತು.

ಶನಿವಾರ ಬೆಳಿಗ್ಗೆ ಮಜ್ಜಿಗೆಯ ಚೊಂಬು ಹಿಡಿದು ನೆಲಮಹಡಿಗೆ ಇಳಿದೆ. ಅವರು ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಕ್ಷಮಿಸಿ ಎನ್ನುವ ಮೊದಲೇ ಚೊಂಬು ತೆಗೆದುಕೊಂಡು ಕುರ್ಚಿ ತೋರಿಸಿದರು. ಫೋನಿನಲ್ಲಿ ಎರಡು ಚಿತ್ರ ತೆರೆದು ನನ್ನ ಕೈಗಿತ್ತರು. ಮೊದಲನೆಯದರಲ್ಲಿ ಕೆಂಪುಕಲ್ಲಿನ ಕಟ್ಟೆಯ ಬಾವಿ, ಕೈ ಚಾಚಿದರೆ ಸಿಗುವಷ್ಟು ಮೇಲೆ ನೀರು. ಎರಡನೆಯದರಲ್ಲಿ ಅದೇ ಬಾವಿ, ತಳದಲ್ಲಿ ಒಂದಿಷ್ಟು ಮಬ್ಬು ನೀರು.

"ಇದು ನನ್ನ ಮನೆ ಬಾವಿ" ಎಂದರು. "ಹದಿನಾರು ವರ್ಷ ಆಯ್ತು ಜಾಗ ತಗೊಂಡು. ನಮಗೆ ಗಲ್ಫಿನವರಿಗೆ ರಜೆ ಯಾವಾಗ ಟೀಚರೇ? ಜುಲೈ, ಆಗಸ್ಟು. ಇಲ್ಲಿ ಬಿಸಿಲು, ಅಲ್ಲಿ ಮಳೆ. ನಾವು ಊರಲ್ಲಿ ನೋಡಿದ ಬಾವಿ ಎಲ್ಲ ತುಂಬಿದ ಬಾವಿಯೇ. ನಾನೂ ಹಾಗೇ ನೋಡಿದ್ದು. ಬಾಯಿಗೆ ಹಾಕಿದೆ, ಎಳನೀರಿನ ಹಾಗೆ ಇತ್ತು. ಹದಿನೈದು ದಿನದಲ್ಲಿ ರಿಜಿಸ್ಟ್ರಿ ಮಾಡಿ ವಾಪಸ್ ಬಂದೆ. ಮನೆ ಕಟ್ಟಿದ ಮೇಲೆ ಮೊದಲನೇ ಏಪ್ರಿಲಿಗೆ ಹೆಂಡತಿ ಫೋನ್ ಮಾಡಿದ್ಲು. ಅನ್ನ ಉಪ್ಪಾಗ್ತದೆ ಅಂತ."

ನಾನು ಎರಡನೆಯ ಚಿತ್ರವನ್ನು ಮತ್ತೊಮ್ಮೆ ನೋಡಿದೆ.

"ಸಮುದ್ರದ ನೀರು ಒಳಗೆ ಬಂದಿದೆ. ನೆರೆಯವರಿಗೆಲ್ಲ ಗೊತ್ತಿತ್ತು. ನಾನು ಯಾರಲ್ಲೂ ಒಂದು ಲೋಟ ನೀರು ಕೇಳ್ಲಿಲ್ಲ. ಗಲ್ಫಿನಿಂದ ಬಂದವ ಅಂತ ದೊಡ್ಡಸ್ತಿಕೆ. ಟ್ಯಾಂಕರಿನ ನೀರು, ಇನ್ನೊಂದು ಬೋರು, ಅದೂ ಉಪ್ಪು. ಇನ್ನೆರಡು ವರ್ಷ, ಇನ್ನೆರಡು ವರ್ಷ ಅಂತ ಇಲ್ಲೇ ಉಳಿದೆ. ಸಮುದ್ರವನ್ನೇ ಸಿಹಿ ಮಾಡುವವನ ಬಾವಿ ಉಪ್ಪಂತೆ ಅಂತ ನಗ್ತಾರೆ, ಹಾಗಾಗಿ ಯಾರಿಗೂ ಹೇಳ್ಲಿಲ್ಲ. ನಿಮಗೇ ಹೇಳಿದ್ದು."

ಹಗಲು ಕಂಡ ಬಾವಿಗೆ ಇರುಳು ಬಿದ್ದರು ಅನ್ನುತ್ತಾರೆ. ನಾನು ಹಗಲಿನಲ್ಲೇ ಬೀಳಲು ಹೊರಟಿದ್ದೆ, ತಡೆಯಲು ಬಂದವರನ್ನು ಹೊಟ್ಟೆಕಿಚ್ಚಿನವರು ಎಂದಿದ್ದೆ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಅವರು ಮಜ್ಜಿಗೆ ಕುಡಿದು, "ಇದಕ್ಕೆ ಶುಂಠಿ ಹಾಕ್ಲಿಲ್ಲ" ಎಂದರು. ನಾನು ಅತ್ತುಬಿಟ್ಟೆ.

"ತಗೊಳ್ಬೇಡಿ ಅಂತ ನಾನು ಹೇಳುದಲ್ಲ. ಆಗಸ್ಟಿನಲ್ಲಿ ಅಲ್ಲಿ ನೀರುಂಟಾ ಕೇಳಿ. ಮಾರುವವರ ಹತ್ರ ಅಲ್ಲ, ನೆರೆಯವರ ಹತ್ರ."

ನೆರೆಯವರ ನಂಬರು ಯಾರ ಬಳಿಯಿತ್ತು? ಆ ಹಳ್ಳಿಯ ಮೇಯರ್ ಕಚೇರಿ ತೆರೆಯುವುದು ವಾರಕ್ಕೆ ಎರಡು ಬೆಳಿಗ್ಗೆ, ಮಂಗಳವಾರ ಮತ್ತು ಶುಕ್ರವಾರ. ಮಂಗಳವಾರವೆಂದರೆ ಎಂಟನೆಯ ದಿನ. ಭಾನುವಾರ, ಸೋಮವಾರ ನಾನು ತರಗತಿಯಲ್ಲಿ ಏನು ಕಲಿಸಿದೆನೋ ಗೊತ್ತಿಲ್ಲ. ಮನೆಗೆ ಬಂದರೆ ಗಂಡನ ಮುಖ ಗಂಟು. "ಬೋರ್ ಹಾಕಿಸಿದ್ರಾಯ್ತು. ಇದನ್ನ ಬಿಟ್ರೆ ಇನ್ನೆಂದಿಗೂ ಆಗಲ್ಲ. ನನ್ನ ವೀಸಾ ಡಿಸೆಂಬರ್‌ಗೆ ಮುಗಿಯುತ್ತೆ, ನೆನಪಿದೆಯಾ?" ಎಂದರು. ನೆನಪಿತ್ತು. ಮನೆ ಕಟ್ಟಿ ನೋಡು ಎಂದವರು ಮಾರಾಟದ ಮನೆ ಕೊಂಡು ನೋಡು ಎಂದೂ ಸೇರಿಸಬೇಕಿತ್ತು. ಊಟದ ಮೇಜಿನಲ್ಲಿ ನಾವಿಬ್ಬರೂ ತಾಟು ನೋಡಿಕೊಂಡು ಉಂಡು ಏಳುತ್ತಿದ್ದೆವು.

ಮಂಗಳವಾರ ಹನ್ನೊಂದಕ್ಕೆ, ಅಲ್ಲಿ ಒಂಬತ್ತು, ಶಾಲೆಯ ಮೆಟ್ಟಿಲ ಬಳಿ ನಿಂತು ಫೋನ್ ಮಾಡಿದೆ. ಕಚೇರಿಯ ಹೆಂಗಸು ಮೊದಲು ಅನುಮಾನಿಸಿ, ಆಮೇಲೆ ನನ್ನ ವ್ಯಾಕರಣಕ್ಕೆ ಮೆಚ್ಚಿ, ಒರತೆಯ ಒಡತಿಯಾದ ನೆರೆಯ ಮುದುಕಿಯ ಅನುಮತಿ ಕೇಳಿ ನಂಬರು ಕೊಟ್ಟಳು. ಅವತ್ತಿಡೀ ಮುದುಕಿ ಫೋನ್ ಎತ್ತಲಿಲ್ಲ. ಒಂಬತ್ತನೆಯ ದಿನ ಬುಧವಾರ ಸಂಜೆ ನಾಲ್ಕಕ್ಕೆ ಎತ್ತಿದಳು. ಕೆಲಸದಿಂದ ನೇರ ಬಂದ ನೀರಣ್ಣ ನನ್ನೆದುರು ಕೂತಿದ್ದರು. ಗಂಡ ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದರು.

"ನೀರಿನ ಸುದ್ದಿ ಮೊದಲೇ ತೆಗಿಬೇಡಿ" ಎಂದು ನೀರಣ್ಣ ಹೇಳಿಕೊಟ್ಟಿದ್ದರು. "ದನ ಎಷ್ಟುಂಟು ಕೇಳಿ. ದನದ ಬಗ್ಗೆ ಕೇಳಿದ್ರೆ ಯಾರೂ ಫೋನ್ ಇಡುದಿಲ್ಲ."

ದನ ಎಷ್ಟಿವೆ ಎಂದು ಕೇಳಿದೆ. ಒರಟು ದನಿ ಮೆತ್ತಗಾಯಿತು. ಮೂವತ್ತೆಂಟು ಎಂದಳು. ಒಂದಕ್ಕೆ ಕಾಲು ನೋವು, ಒಂದು ಈಯಲಿದೆ, ಮಗನಿಗೆ ಹಾಲು ಕರೆಯುವುದು ಬೇಡವಂತೆ, ಎಲ್ಲ ಹೇಳಿದಳು. ಬೇಸಿಗೆಯಲ್ಲಿ ಅಷ್ಟು ದನಗಳಿಗೆ ನೀರು ಸಾಕಾಗುತ್ತದೆಯೇ ಎಂದು ಕೇಳಿದೆ.

ಅವಳು ಹೇಳಿದ್ದು ಇಷ್ಟು: "ಆಗಸ್ಟಿನಲ್ಲಿ ಒರತೆ ದಾರದಷ್ಟು ಬರುತ್ತದೆ ತಾಯಿ. ಅದು ನನ್ನ ದನಗಳಿಗೆ. ಪೈಪು ಮುಚ್ಚುತ್ತೇನೆ. ಅವಳಿಗೆ ಗೊತ್ತು. ಎರಡು ವರ್ಷದಿಂದ ಆಗಸ್ಟಿನಲ್ಲಿ ಅವಳ ಕಾಟೇಜುಗಳು ಖಾಲಿ. ಕೊಂಡವರಿಗೂ ಮುಚ್ಚುತ್ತೇನೆ ಎಂದು ಅವಳಿಗೆ ಹೇಳಿದ್ದೇನೆ. ನಿಮಗೆ ಹೇಳಲಿಲ್ಲವೇ?"

ಬಾಡಿಗೆಯ ಪುಸ್ತಕದಲ್ಲಿ ಆಗಸ್ಟು ಯಾಕೆ ಖಾಲಿ ಎಂದು ಮಾರ್ಚಿನಲ್ಲಿ ನಾನು ಕೇಳಿದ್ದೆ. ಆ ತಿಂಗಳು ತನಗೇ ಪ್ರವಾಸದ ಚಪಲ ಎಂದು ಮನೆಯೊಡತಿ ನಕ್ಕಿದ್ದಳು. ನಾನೂ ನಕ್ಕಿದ್ದೆ.

ಫೋನ್ ಇಟ್ಟೆ. ಫ್ರೆಂಚಿನ ಒಂದಕ್ಷರ ಬಾರದ ನೀರಣ್ಣ ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡಿದ್ದರು. ನಾನು ಹೇಳಿರಲಿಲ್ಲವೇ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟು, "ಕುಡೀರಿ ಟೀಚರೇ" ಎಂದರು. ಗಂಡ ಕಿಟಕಿಯಿಂದ ತಿರುಗಲೇ ಇಲ್ಲ.

ಗುರುವಾರ. ಹಿಂದೆ ಸರಿಯುವ ರಿಜಿಸ್ಟರ್ ಪತ್ರವನ್ನು ಕಂಪ್ಯೂಟರಿನಲ್ಲೇ ಕಳಿಸುವ ವ್ಯವಸ್ಥೆಯಿತ್ತು. ಶಾಲೆಯಿಂದ ಬಂದವಳೇ ಬರೆದೆ. ನಾಲ್ಕೇ ಸಾಲು, ನನ್ನ ಜನ್ಮದ ಅತಿ ಕಷ್ಟದ ಫ್ರೆಂಚ್ ಪ್ರಬಂಧ. ಕಳಿಸು ಎಂದು ಒತ್ತಿದರೆ ಫೋನಿಗೆ ಬರುವ ಗುಪ್ತಸಂಖ್ಯೆ ಹಾಕು ಎಂದಿತು. ಸಂಖ್ಯೆ ಬರಲಿಲ್ಲ. ನನ್ನ ಒಮಾನ್ ನಂಬರಿಗೂ ಇಲ್ಲ, ಗಂಡನದಕ್ಕೂ ಇಲ್ಲ. ಮೂರು ಗಂಟೆ, ನಾಲ್ಕು ಗಂಟೆ, ಐದು. ನೋಟರಿಯ ಕಚೇರಿ ಫೋನಿಗೆ ಸಿಗಲಿಲ್ಲ. ಗಂಡ ಕೋಣೆಯಲ್ಲಿ ಅಡ್ಡಾಡುತ್ತಿದ್ದರು. "ಬರದಿದ್ರೆ ಬೇಡ ಬಿಡು, ಹಿಂದೆ ಸರೀಬೇಡ ಅಂತ ದೇವರೇ ಹೇಳ್ತಿದಾನೆ" ಎಂದರು. ನನಗೆ ಒಂದು ಕ್ಷಣ ಹೌದೇನೋ ಅನ್ನಿಸಿತು. ಪಾಚಿ ಹಿಡಿದ ಆ ಕಲ್ಲುಬಾನಿ ಕಣ್ಣ ಮುಂದೆ ಬಂತು.

ನೀರಣ್ಣ ಜೇಬಿನಿಂದ ತಮ್ಮ ಎರಡನೆಯ ಫೋನ್ ತೆಗೆದರು. ಬಟನ್ನುಗಳ ಹಳೆಯ ಫೋನು, ಊರಿನ ಬ್ಯಾಂಕಿನ ಸಂದೇಶಕ್ಕೆಂದು ರೀಚಾರ್ಜ್ ಮಾಡಿ ಜೀವ ಉಳಿಸಿದ್ದ ಇಂಡಿಯಾದ ಸಿಮ್ಮು. "ಇದಕ್ಕೆ ಹಾಕಿ ನೋಡಿ. ನೀರಿನ ಟ್ಯಾಂಕರಿನವನಿಗೆ ದುಡ್ಡು ಕಳಿಸ್ಲಿಕ್ಕೆ ಇಟ್ಟದ್ದು" ಎಂದರು. ಆ ನಂಬರು ಹಾಕಿದೆ. ಮೇಜಿನ ಮೇಲಿಟ್ಟ ಫೋನನ್ನು ಮೂವರೂ ಬಾಗಿ ನೋಡುತ್ತಿದ್ದೆವು. ಅದು ಗುರ್ ಎಂದಿತು. ಆರು ಅಂಕಿ. ಅವರು ಒಂದೊಂದಾಗಿ ಓದಿದರು, ಒಂದೊಂದು ಅಂಕಿಗೂ ನನ್ನ ಬೆರಳು ಕಾಯುವಷ್ಟು ನಿಧಾನ. ಪತ್ರ ಹೋಯಿತು. "ಖಲಾಸ್" ಎಂದರು. ಗಂಡ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನೀರಣ್ಣ ಬಾಗಿಲ ಹೊರಗೇ ಕುರ್ಚಿ ಹಾಕಿ ಕೂತು, ಅರ್ಧ ಗಂಟೆಯ ಮೇಲೆ, "ಸರ್, ಬನ್ನಿ, ಚಾ ಆರ್ತದೆ" ಎಂದು ಕರೆದರು. ಗಂಡ ಬಂದರು.

ಮುಂದಿನದು ಬೇಗ ಹೇಳುತ್ತೇನೆ. ಗಂಡನ ಕಂಪನಿ ಇನ್ನೊಂದು ವರ್ಷ ಮುಂದುವರಿಸಿತು. ಅದೇ ಆಗಸ್ಟಿನ ಉರಿಬಿಸಿಲಿನಲ್ಲಿ ನಾವು ಫ್ರಾನ್ಸಿನಲ್ಲಿ ಮತ್ತೆ ಮನೆ ನೋಡಿದೆವು. ಐದನೆಯದು ಒಪ್ಪಿಗೆಯಾಯಿತು. ಚಿಕ್ಕದು, ಎರಡೇ ಕಾಟೇಜು, ಪಾಚಿಯ ಕಲ್ಲುಬಾನಿಯಿಲ್ಲ, ಪ್ರತಿ ಮನೆಯ ಗೋಡೆಗೂ ಊರಿನ ನೀರಿನ ಮೀಟರ್ ಇದೆ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ಬಿಟ್ಟು, ವೀಡಿಯೊ ಕರೆಯಲ್ಲಿ ನೀರಣ್ಣನಿಗೆ ತೋರಿಸಿದೆ. "ಇನ್ನೂ ಐದು ನಿಮಿಷ ಬಿಡಿ" ಎಂದರು. ಬಿಟ್ಟೆ. ನೆರೆಮನೆಯಲ್ಲಿ ನೀರು ಕೇಳಿದರೆ ದ್ರಾಕ್ಷಾರಸ ಕೊಡಲು ಬಂದರು, ನೀರೇ ಬೇಕೆಂದೆ. ವಿಚಿತ್ರ ಹೆಂಗಸು ಎಂದುಕೊಂಡಿರಬೇಕು. ಈಗ ನನ್ನ ಗಂಡ ಅಲ್ಲಿದ್ದಾರೆ, ನಾನು ಈ ಶಾಲೆಯ ಕೊನೆಯ ವರ್ಷ ಮುಗಿಸುತ್ತಿದ್ದೇನೆ.

ನೀರಣ್ಣ ನಿವೃತ್ತರಾಗಿ ಊರಿಗೆ ಹೋದರು. ವಿಮಾನ ನಿಲ್ದಾಣಕ್ಕೆ ಬಿಡಲು ಹೋದಾಗ, ಮೊದಲ ಆಗಸ್ಟಿನ ಅತಿಥಿಗಳ ಜೊತೆ ತಾವೂ ಬರುವುದಾಗಿ ಹೇಳಿದ್ದರು. "ಬಾಡಿಗೆ ಕೊಡುದಿಲ್ಲ, ನೀರು ನೋಡಿ ಹೇಳ್ತೇನೆ, ಅಷ್ಟೇ." ಈ ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ಅಂಗಳದಲ್ಲಿ ಕುಸಿದವರು ಏಳಲಿಲ್ಲ. ಸುದ್ದಿ ಬಂದ ದಿನ ಎರಡನೆಯ ಪೀರಿಯಡ್ಡಿನಲ್ಲಿ ಮಕ್ಕಳಿಗೆ ಏನೋ ಬರೆಯಲು ಕೊಟ್ಟು ಕಿಟಕಿಯ ಕಡೆ ತಿರುಗಿ ನಿಂತೆ.

ಏಪ್ರಿಲಿನಲ್ಲಿ ಶಾಲೆಯ ಹೊಸ ವರ್ಷ ಶುರು, ಯಾರಿಗೂ ರಜೆಯಿಲ್ಲ. ಪ್ರಿನ್ಸಿಪಾಲರ ಮುನಿಸು ಕಟ್ಟಿಕೊಂಡು ನಾಲ್ಕು ದಿನ ರಜೆ ಹಾಕಿ ಅವರ ಊರಿಗೆ ಹೋದೆ. ಮಳೆಗಾಲದವರೆಗೆ ಕಾಯಲು ಮನಸ್ಸಾಗಲಿಲ್ಲ. ಅವರ ಹೆಂಡತಿ ಚಾವಡಿಯಲ್ಲಿ ಕೂರಿಸಿ, ತಟ್ಟೆಯಲ್ಲಿ ಬೆಲ್ಲದ ಉಂಡೆ, ಲೋಟದಲ್ಲಿ ನೀರು ತಂದಿಟ್ಟರು. "ಟ್ಯಾಂಕರಿನ ನೀರು ಟೀಚರೇ, ಹೆದ್ರಬೇಡಿ" ಎಂದರು.

"ಅಕ್ಕಾ, ಬಾವಿ ನೀರು ಒಂದು ಲೋಟ ಕೊಡ್ತೀರಾ?"

"ಅಯ್ಯೋ, ಅದು ಬಾಯಿಗೆ ಹಾಕ್ಲಿಕ್ಕೆ ಆಗುದಿಲ್ಲ."

"ಗೊತ್ತು. ಕೊಡಿ."

ಅವರು ನನ್ನನ್ನು ಒಮ್ಮೆ ನೋಡಿ ಹೊರಗೆ ಹೋದರು. ರಾಟೆಯ ಸದ್ದು ಬಹಳ ಹೊತ್ತು ಕೇಳಿಸಿತು; ನೀರು ಅಷ್ಟು ಆಳಕ್ಕೆ ಹೋಗಿತ್ತು. ತಂದುಕೊಟ್ಟ ಲೋಟದಿಂದ ಒಂದು ಗುಟುಕು ಬಾಯಿಗೆ ಹಾಕಿ, ಎಡಗಣ್ಣು ಮುಚ್ಚಿ, ನಾಲಿಗೆಯ ತುದಿಯಲ್ಲಿ ಹಿಡಿದೆ. ನನಗೆ ಅಂಕಿ ಹೇಳಲು ಬರಲಿಲ್ಲ. ಬೆಲ್ಲ ಮುಟ್ಟದೆ ಪೂರ್ತಿ ಕುಡಿದೆ.